ಸುರಪುರದ ಕಲ್ಲು, ಐರ್ಲೆಂಡಿನ ಕೊಂಬು

ಶಹಾಪುರದಿಂದ ತುಸು ದೂರದಲ್ಲಿ ವಿಭೂತಿಹಳ್ಳಿ ಎಂಬ ಊರುಂಟು. ಅಲ್ಲಿಯ ಬಯಲಿನಲ್ಲಿ ನೂರಾರು ಗುಂಡುಗಲ್ಲುಗಳು ದಾರ ಹಿಡಿದು ಇಟ್ಟಂತೆ ಸಾಲುಸಾಲಾಗಿ ಕುಳಿತಿವೆ. ಈ ಮೂಕ ಕಲ್ಲುಗಳಿಗೂ ಕಡಲಾಚೆಯ ಐರ್ಲೆಂಡಿಗೂ, ಇಂದು ಯೂರೋಪಿನ ತರುಣರನ್ನು ಮರುಳುಗೊಳಿಸಿರುವ ಅಬ್ಬರದ ಸಂಗೀತವೊಂದಕ್ಕೂ ನಡುವೆ ಎಳೆಯೊಂದುಂಟೆಂದರೆ ವಾಚಕರಿಗೆ ಅಚ್ಚರಿಯಾಗದಿರದು.

ಆ ಎಳೆಯನ್ನು ನೂತವನು ಫಿಲಿಪ್ ಮೆಡೋಸ್ ಟೇಲರ್. ಸುರಪುರದ ನಾಯಕ ಸಂಸ್ಥಾನದಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿ 1853ರವರೆಗೆ ಇದ್ದ ಈತನನ್ನು ಬಾಲರಾಜ ವೆಂಕಟಪ್ಪನಾಯಕನು 'ಅಪ್ಪಾ' ಎಂದೇ ಕರೆಯುತ್ತಿದ್ದನು. ಆತನ ವಾಸಕ್ಕಿದ್ದ 'ಟೇಲರ್ ಮಂಜಿಲ್' ಇಂದಿಗೂ ಸುರಪುರದ ಬೆಟ್ಟದ ಮೇಲಿದೆ. ಸೇವೆಯಿಂದ ನಿವೃತ್ತನಾದ ಮೇಲೆ ಟೇಲರನು ನೆಲೆಸಿದ್ದು ಡಬ್ಲಿನ್ ನಗರದಲ್ಲಿ. ಅಲ್ಲಿಯ ರಾಯಲ್ ಐರಿಷ್ ಅಕಾಡೆಮಿಗೆ ಆತನು ಎರಡು ಬರಹಗಳನ್ನು ಒಪ್ಪಿಸಿದನು.

ಮೊದಲನೆಯದು ಸುರಪುರ ಸೀಮೆಯ ಕಲ್ಗೋರಿಗಳನ್ನು ಕುರಿತದ್ದು. ಅವನ್ನು ಆತನು 'ಕೆಲ್ಟಿಕ್' ಸ್ಮಾರಕಗಳ ಸಾಲಿಗೆ ಸೇರಿಸಿದನು. ದೊಡ್ಡ ಕಲ್ಲು ಕಂಡಲ್ಲೆಲ್ಲ ಕೆಲ್ಟರನ್ನು ಕಾಣುವುದು ಆ ಕಾಲದ ವಿದ್ವಾಂಸರ ವಾಡಿಕೆ. ಇವು ದಕ್ಷಿಣ ಭಾರತದ ಬೃಹತ್ ಶಿಲಾಸಂಸ್ಕೃತಿಯ ಜನರ ಕೃತಿಗಳೆಂದೂ ಕೆಲ್ಟರಿಗೂ ಇವಕ್ಕೂ ನಂಟಿಲ್ಲವೆಂದೂ ಇಂದಿನ ಪುರಾತತ್ತ್ವ ಹೇಳುತ್ತದೆ. ಎರಡನೆಯದು 1860ರ ದಶಕದ ನಡುವೆ ಹೊರಬಂದ ಭಾರತೀಯ ವಾದ್ಯಗಳ ವಿವರಣ ಪಟ್ಟಿ. ಕರ್ನಲ್ ಪಿ. ಟಿ. ಫ್ರೆಂಚ್ ಎಂಬಾತನು ಅಕಾಡೆಮಿಗೆ ಕಾಣಿಕೆಯಾಗಿತ್ತ ನಮ್ಮ ನಾಡಿನ ವಾದ್ಯಗಳಿಗೆ ಟೇಲರನು ಅಲ್ಲಿ ಅಕ್ಷರರೂಪ ಕೊಟ್ಟನು.

ಐರ್ಲೆಂಡಿಗಾದರೂ ತನ್ನದೇ ಕೊಂಬುಗಳುಂಟು. ಆರ್ಮಾ ಪ್ರಾಂತದ ಲಾಕ್‌ನಶೇಡ್ ಸರೋವರದಲ್ಲಿ ಎರಡು ಸಾವಿರ ವರ್ಷಗಳಷ್ಟು ಹಳೆಯ ನಾಲ್ಕು ಕಂಚಿನ ಕೊಂಬುಗಳು ದೊರೆತವು. ಮೂರು ಕಳೆದುಹೋಗಿ, ಒಂದು ಮಾತ್ರ ಡಬ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ. ಅದನ್ನು ಊದುವ ಪರಿ ಹೇಗೆಂಬುದನ್ನು ಹೇಳಬಲ್ಲ ಗುರು ಒಬ್ಬನೂ ಉಳಿಯಲಿಲ್ಲ. 2016ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ಸಂಶೋಧಕರೊಬ್ಬರು ಇಂತಹ ಕೊಂಬುಗಳ ಗುಟ್ಟನ್ನು ಅರಸುತ್ತ ಬಂದುದು ಎಲ್ಲಿಗೆ? ಕೇರಳದ ಜೀವಂತ 'ಕೊಂಬಿ'ನ ಬಳಿಗೆ!

ಸತ್ತ ನಾದವನ್ನು ಎಬ್ಬಿಸುವ ಈ ಹಂಬಲವೇ 'ಫೋಕ್ ಮೆಟಲ್' ಎಂಬ ಸಂಗೀತದಲ್ಲಿಯೂ ಕಾಣುತ್ತದೆ. ವಿದ್ಯುತ್ ಗಿಟಾರಿನ ಗುಡುಗಿನೊಡನೆ ಜಾನಪದ ಕೊಳಲು, ಪಿಟೀಲುಗಳನ್ನು ಬೆರೆಸುವುದು ಇದರ ರೀತಿ. 1992ರಲ್ಲಿ ಡಬ್ಲಿನ್ನಿನ 'ಕ್ರೂಅಖನ್' ತಂಡ ಹುಟ್ಟಿತು. ಆದರೆ ಈ ಕೆಲ್ಟಿಕ್ ಬಳ್ಳಿ ಐರ್ಲೆಂಡಿನಲ್ಲಿಯೇ ಸುತ್ತಿಕೊಂಡು ಉಳಿಯಲಿಲ್ಲ. 2002ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ 'ಎಲುವೇಟಿ' ತಂಡ, ಶತಮಾನಗಳ ಹಿಂದೆಯೇ ಅಳಿದ ಗಾಲಿಷ್ ಭಾಷೆಯಲ್ಲಿ ಹಾಡಿತು. 2008ರಲ್ಲಿ ಅವರು ಹೊರತಂದ 'ಇನಿಸ್ ಮೋನಾ' ಎಂಬ ಗೀತೆಯ ಧಾಟಿ ಫ್ರಾನ್ಸಿನ ಬ್ರಿಟನಿಯದು; ಹೆಸರು ವೇಲ್ಸಿನ ದ್ವೀಪದ್ದು; ಹಾಡುವವರು ಸ್ವಿಸ್ಸರು. ಇಲ್ಲಿ ಬೇರು ಯಾವುದು, ಕೊಂಬೆ ಯಾವುದು?

ಇದನ್ನು ಕೃತಕವೆಂದು ಜರೆಯುವವರೂ ಇಲ್ಲದಿಲ್ಲ. ಗಾಲಿಷ್ ಭಾಷೆಯ ಉಚ್ಚಾರವೇ ಪಂಡಿತರ ಊಹೆ ಎಂಬುದು ದಿಟ. ಆದರೂ ಆ ತರುಣರನ್ನು ನಗುವುದು ಸಲ್ಲದು. ಗುರುಪರಂಪರೆ ಒಮ್ಮೆ ಕಡಿದ ಮೇಲೆ ಮಕ್ಕಳಿಗೆ ಉಳಿಯುವುದು ಊಹೆಯೊಂದೇ.

ನಮ್ಮ ಸೀಮೆಗೆ ಇದರಲ್ಲಿ ಪಾಠವುಂಟು. ಕೊಂಕಲ್, ಶಹಾಪುರ, ಸುರಪುರಗಳ ಕಡೆಯ ಜಾತ್ರೆಗಳಲ್ಲಿ ಹಲಗೆ, ಡೊಳ್ಳುಗಳ ನುಡಿತಕ್ಕೆ ಬರೆದಿಟ್ಟ ಸ್ವರಲಿಪಿಯಿಲ್ಲ. ಅದು ತಂದೆಯ ಕೈಯಿಂದ ಮಗನ ಕೈಗೆ ಇಳಿದುಬಂದ ವಿದ್ಯೆ. ಟೇಲರನ ಪಟ್ಟಿ ವಾದ್ಯದ ಹೆಸರನ್ನೂ ಆಕಾರವನ್ನೂ ಕಾಪಾಡೀತು, ನಾದವನ್ನಲ್ಲ. ಅದನ್ನು ಕಾಯಬಲ್ಲದ್ದು ಬಾರಿಸುವ ಕೈ, ಊದುವ ಉಸಿರು. ಐರ್ಲೆಂಡಿನವರು ಕಳೆದುಕೊಂಡ ಮೇಲೆ ಹುಡುಕಿದರು. ನಮ್ಮಲ್ಲಿ ಹಲಗೆಯ ಸದ್ದು ಇನ್ನೂ ಕೇಳಿಬರುತ್ತಿದೆ. ಆ ಬಾರಿಸುವವನ ಪಕ್ಕದಲ್ಲಿ ಕಲಿಯುವ ಹುಡುಗನೊಬ್ಬನು ಕುಳಿತಿರಬೇಕು, ಅಷ್ಟೆ.