ಒಂದು ದೋಣಿ, ಹತ್ತು ಮಂದಿ, ನೂರು ದ್ವೀಪ

ಸಮುದ್ರದ ಮೇಲೆ ದ್ವೀಪದಿಂದ ದ್ವೀಪಕ್ಕೆ ವಿಹರಿಸುವುದು ಧನಿಕರಿಗೆ ಮಾತ್ರ ಸಲ್ಲತಕ್ಕ ವಿಲಾಸವೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದರೆ ಫಿಲಿಪೀನ್ಸ್ ದೇಶದ ಲೂಸಾನ್ ದ್ವೀಪದಲ್ಲಿ, ಪಾಂಗಸಿನಾನ್ ಪ್ರಾಂತ್ಯದ ಅಲಮಿನೋಸ್ ಎಂಬ ನಗರದ ಅಂಚಿನಲ್ಲಿ, ಕಾಲೇಜಿನ ವಿದ್ಯಾರ್ಥಿಗಳೂ ಅಂಗಡಿ ಕಚೇರಿಗಳ ನೌಕರರೂ ಮನೆಮಂದಿಯೊಡನೆ ಬಂದ ಉಪಾಧ್ಯಾಯರೂ ತಂತಮ್ಮ ಬುತ್ತಿಯನ್ನು ತಾವೇ ಹೊತ್ತು, ಒಂದು ಹಗಲಿನಲ್ಲಿ ನಾಲ್ಕಾರು ದ್ವೀಪಗಳ ಮರಳನ್ನು ಮೆಟ್ಟಿ ಸಂಜೆಗೆ ಹಿಂದಿರುಗುವುದನ್ನು ನೋಡಿದವರು ಆ ಭಾವನೆಯನ್ನು ಅಲ್ಲಿಯೇ ಬಿಟ್ಟುಬರುತ್ತಾರೆ. ಲಿಂಗಾಯೆನ್ ಕೊಲ್ಲಿಯಲ್ಲಿ ಚದುರಿಬಿದ್ದಿರುವ ಈ ದ್ವೀಪಸ್ತೋಮಕ್ಕೆ ‘ನೂರು ದ್ವೀಪಗಳ ರಾಷ್ಟ್ರೀಯ ಉದ್ಯಾನ’ವೆಂದು ಹೆಸರು. ಎಣಿಸಹೊರಟರೆ ಇಳಿತದ ಹೊತ್ತಿನಲ್ಲಿ 124, ಉಬ್ಬರದ ಹೊತ್ತಿನಲ್ಲಿ 123. ಆ ಒಂದನ್ನು ಸಮುದ್ರವು ಆಗಾಗ ಮುಳುಗಿಸಿ ಮರಳಿ ತೋರಿಸುತ್ತಿರುತ್ತದೆ. 1940ರ ಜನವರಿ 18ರಂದು ಅಧ್ಯಕ್ಷ ಮಾನ್ಯುಯೆಲ್ ಕೆಸೋನ್ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. 2005ರಿಂದ ಇದರ ಆಡಳಿತ ಅಲಮಿನೋಸ್ ನಗರದ ಕೈಯಲ್ಲಿದೆ.

ಇಲ್ಲಿಯ ಯಾತ್ರೆ ಅಗ್ಗವಾಗುವುದರ ಮರ್ಮ ದೋಣಿಯ ಬಾಡಿಗೆಯಲ್ಲಿದೆ. ಬಾಡಿಗೆ ತಲೆಗಿಷ್ಟೆಂದಲ್ಲ, ದೋಣಿಗಿಷ್ಟು ಎಂದು. ಅಂಬಿಗನ ಒಂದು ದಿನದ ದುಡಿಮೆ, ಯಂತ್ರ ಕುಡಿಯುವ ಎಣ್ಣೆ, ದೋಣಿಯ ಸವೆತ, ಇವು ಇಬ್ಬರು ಕುಳಿತರೂ ಹತ್ತು ಮಂದಿ ಕುಳಿತರೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಐವರ ದೋಣಿ, ಹತ್ತು ಮಂದಿಯ ದೋಣಿ, ಹದಿನೈದು ಮಂದಿಯ ದೋಣಿ ಎಂದು ವರ್ಗಮಾಡಿ, ಒಂದೊಂದಕ್ಕೂ ದರ ಗೊತ್ತುಮಾಡಿರುತ್ತಾರೆ. ದೊಡ್ಡ ದೋಣಿಯ ದರ ಸಣ್ಣದರ ದರಕ್ಕಿಂತ ಸ್ವಲ್ಪವೇ ಹೆಚ್ಚು. ಹೀಗಾಗಿ ದಂಪತಿಗಳಿಬ್ಬರೇ ಹೋದರೆ ಭಾರವೆನಿಸುವ ಮೊತ್ತವು, ದೋಣಿ ತುಂಬುವಷ್ಟು ಸ್ನೇಹಿತರು ಕೂಡಿದಾಗ ಒಬ್ಬೊಬ್ಬರ ಪಾಲಿಗೆ ಒಂದು ಸಾಧಾರಣ ಊಟದ ಬೆಲೆಗೆ ಇಳಿದುಬಿಡುತ್ತದೆ. ಹೊರಡುವ ಮೊದಲೇ ಎಲ್ಲರೂ ಸಮನಾಗಿ ಹಣ ಕೂಡಿಸಿ ಒಬ್ಬರ ಕೈಗೆ ಒಪ್ಪಿಸುವ ಈ ರೂಢಿಯನ್ನು ಅಲ್ಲಿಯ ಜನ ‘ಅಂಬಾಗನ್’ ಎನ್ನುತ್ತಾರೆ. ಗುಂಪನ್ನು ಕಟ್ಟುವವರು ಇದನ್ನು ನೆನಪಿನಲ್ಲಿಡತಕ್ಕದ್ದು: ಹತ್ತು ಮಂದಿ ಹೋಗುವುದು ಲಾಭ, ಹನ್ನೊಂದನೆಯವರು ಸೇರಿದರೆ ದೊಡ್ಡ ದೋಣಿಯೇ ಬೇಕಾಗುವುದರಿಂದ, ಆಗ ಇನ್ನೂ ಮೂವರನ್ನೋ ನಾಲ್ವರನ್ನೋ ಕರೆದುಕೊಳ್ಳುವುದು ಜಾಣತನ. ಒಂದೇ ದ್ವೀಪಕ್ಕೆ ಬಿಟ್ಟು ಕರೆತರುವ ದೋಣಿಗೂ ಹಗಲೆಲ್ಲ ಜೊತೆಗಿದ್ದು ಹಲವು ದ್ವೀಪಗಳನ್ನು ಸುತ್ತಿಸುವ ದೋಣಿಗೂ ದರ ಬೇರೆ ಬೇರೆ. ಇದನ್ನು ದೋಣಿ ಹೊರಡುವ ದಕ್ಕೆಯಲ್ಲಿಯೇ ಕೇಳಿ ಖಚಿತಮಾಡಿಕೊಳ್ಳದೆ ಹತ್ತಬಾರದು.

ರಾಜಧಾನಿಯಾದ ಮನಿಲಾದಿಂದ ಬಸ್ಸಿನಲ್ಲಿ ಐದಾರು ಗಂಟೆಗಳ ಹಾದಿ. ನಡುರಾತ್ರಿಯ ಬಸ್ಸನ್ನು ಹಿಡಿದವರು ನಸುಕಿಗೆ ಅಲಮಿನೋಸಿನಲ್ಲಿ ಇಳಿಯುತ್ತಾರೆ. ವಸತಿಗೃಹದ ವೆಚ್ಚ ಅಲ್ಲಿಗೆ ಉಳಿಯಿತು. ಮೋಟಾರು ಸೈಕಲ್ಲಿಗೆ ಪಕ್ಕದ ತೊಟ್ಟಿಲು ಜೋಡಿಸಿದ ‘ಟ್ರೈಸಿಕಲ್’ ಅಲ್ಲಿಂದ ಲುಕಾಪ್ ಎಂಬ ದಕ್ಕೆಗೆ ಬೇಗನೆ ತಲುಪಿಸುತ್ತದೆ. ಹೆಸರು ಬರೆಸಿ, ಪ್ರವೇಶ ಶುಲ್ಕವನ್ನೂ ಪರಿಸರ ಶುಲ್ಕವನ್ನೂ ಸಲ್ಲಿಸಿ, ಪ್ರಾಣರಕ್ಷಕ ಅಂಗಿಯನ್ನು ತೊಟ್ಟ ಮೇಲೆ ದೋಣಿ ಹತ್ತುವುದು.

ಆ ದೋಣಿ ನಿಂತು ನೋಡತಕ್ಕ ವಸ್ತು. ‘ಬಾಂಗ್ಕಾ’ ಎಂಬುದು ಅದರ ಹೆಸರು. ಮೈ ಸಪೂರ, ತಳ ಕಿರಿದು; ಹಾಗೆಯೇ ಬಿಟ್ಟರೆ ಒಂದು ಪಕ್ಕದ ಅಲೆಗೆ ಮಗುಚಿಬೀಳಬೇಕಾದ ರೂಪ. ಆದರೆ ಅದರ ಎರಡೂ ಬದಿಗಳಲ್ಲಿ ಅಡ್ಡತೊಲೆಗಳನ್ನು ತೋಳಿನಂತೆ ಹೊರಚಾಚಿ, ಅವುಗಳ ತುದಿಗೆ ಉದ್ದನೆಯ ಬಿದಿರುಗಳನ್ನು ನೈಲಾನ್ ಹುರಿಯಿಂದ ಬಿಗಿದು ಕಟ್ಟಿರುತ್ತಾರೆ. ದೋಣಿ ಎಡಕ್ಕೆ ವಾಲಿದಾಗ ಎಡಗಡೆಯ ಬಿದಿರು ನೀರನ್ನು ಒತ್ತುತ್ತದೆ, ಟೊಳ್ಳಾದ ಆ ಗಳಗಳು ಮುಳುಗಲೊಲ್ಲದೆ ದೋಣಿಯನ್ನು ಮೇಲಕ್ಕೆತ್ತುತ್ತವೆ. ಬಲಕ್ಕೆ ವಾಲಿದಾಗ ಬಲಗಡೆಯದು. ತಳ ಆಳವಿಲ್ಲವಾದ್ದರಿಂದ ಮೊಳಕಾಲುದ್ದದ ನೀರಿನಲ್ಲಿಯೂ ಮರಳಿನವರೆಗೆ ಸಾಗಿಬರುತ್ತದೆ. ದ್ವೀಪದ್ವೀಪಕ್ಕೂ ಕಟ್ಟೆಕಟ್ಟುವ ಖರ್ಚಿಲ್ಲದೆ ಜನ ಇಳಿಯುವುದು ಸಾಧ್ಯವಾಗಿರುವುದು ಇದರಿಂದಲೇ. ಯಂತ್ರದ ಸದ್ದು ಮಾತ್ರ ಜೋರು, ಸಂಭಾಷಣೆಯನ್ನು ದ್ವೀಪ ಸೇರುವವರೆಗೆ ಮುಂದೂಡಬೇಕು.

ಹತ್ತಿರ ಹೋದಂತೆಲ್ಲ ದ್ವೀಪಗಳ ಆಕೃತಿ ಕಣ್ಣನ್ನು ಹಿಡಿಯುತ್ತದೆ. ಮೇಲೆ ಪೊದೆಪೊದೆಯಾದ ಹಸುರು, ಕೆಳಗೆ ನೀರಿನ ಮಟ್ಟದಲ್ಲಿ ಒಳಸರಿದ ನಡು: ಹಲವು ದ್ವೀಪಗಳು ಅಣಬೆಗಳೇ. ಇವು ಪುರಾತನ ಕಾಲದಲ್ಲಿ ಕಡಲಿನೊಳಗೆ ಬೆಳೆದ ಹವಳದ ದಿಬ್ಬಗಳು. ಕೋಟ್ಯಂತರ ಪುಟ್ಟ ಪ್ರಾಣಿಗಳು ತಮ್ಮ ಮೈಯ ಸುತ್ತ ಕಟ್ಟಿಕೊಂಡ ಸುಣ್ಣದ ಗೂಡುಗಳೇ ಒಂದರ ಮೇಲೊಂದು ಪೇರಿ ಕಲ್ಲಾಗಿ, ಬಳಿಕ ಸಮುದ್ರದ ಮಟ್ಟ ತಗ್ಗಿದಾಗ ಬಯಲಿಗೆ ಬಂದವು. ಸುಣ್ಣಕಲ್ಲು ನೀರಿಗೆ ಮೆಲ್ಲಮೆಲ್ಲನೆ ಕರಗುವ ಜಾತಿಯದು. ಅಲೆ ನಿತ್ಯವೂ ಬಡಿಯುವ ಮಟ್ಟದಲ್ಲಿ ಅದು ಸವೆಯುತ್ತದೆ. ಕಲ್ಲನ್ನು ಕೆರೆದು ಪಾಚಿ ತಿನ್ನುವ ಶಂಬುಕಗಳೂ, ಕೊರೆದು ಮನೆಮಾಡುವ ಚಿಪ್ಪುಜೀವಿಗಳೂ ಆ ಕಾರ್ಯಕ್ಕೆ ನೆರವಾಗುತ್ತವೆ. ಇಳಿತದ ಹೊತ್ತಿನಲ್ಲಿ ದೋಣಿಯಿಂದ ಕೈಚಾಚಿದರೆ ಆ ಕೊರೆದ ನಡುವನ್ನು ಮುಟ್ಟಬಹುದು. ಅಂಗೈಯನ್ನು ಉಜ್ಜಿದರೆ ರಕ್ತ ಬರುವಷ್ಟು ಮೊನಚು. ಬರಿಗಾಲಿನಲ್ಲಿ ಈ ಬಂಡೆಯ ಮೇಲೆ ನಡೆಯಲಾಗದು. ಒದ್ದೆಯಾದರೂ ಚಿಂತೆಯಿಲ್ಲದ ಚಪ್ಪಲಿಯೊಂದು ಇಲ್ಲಿ ಅವಶ್ಯ.

ನಮ್ಮ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪವನ್ನು ಕಂಡವರಿಗೆ ಈ ಭೇದ ಸ್ವಾರಸ್ಯವಾಗಿ ತೋರೀತು. ಅಲ್ಲಿ ಕಾಣುವ ಪಟ್ಟೆಕಂಬಗಳು ಭೂಗರ್ಭದಿಂದ ಉಕ್ಕಿದ ಶಿಲಾರಸ ತಣಿದು ಬಿರಿದಾಗ ಉಂಟಾದವು, ಅಗ್ನಿಯ ನಿರ್ಮಾಣ. ಇಲ್ಲಿಯದು ಪ್ರಾಣಿಗಳ ನಿರ್ಮಾಣ. ಕಡಲಿನ ನಡುವೆ ನಿಂತ ಕಲ್ಲೆಲ್ಲ ಒಂದೇ ಕುಲದ್ದಲ್ಲ.

ನೂರಕ್ಕೂ ಮಿಕ್ಕಿದ ದ್ವೀಪಗಳಲ್ಲಿ ಜನರಿಗೆ ಅನುಕೂಲ ಕಲ್ಪಿಸಿರುವುದು ಕೆಲವಕ್ಕೆ ಮಾತ್ರ. ಗವರ್ನರ್ ದ್ವೀಪದ ಮೆಟ್ಟಿಲುಗಳನ್ನು ಏರಿ ತುದಿಯ ಜಗಲಿಯಲ್ಲಿ ನಿಂತರೆ ಇಡೀ ಸ್ತೋಮ ಕಣ್ಣೆದುರಿಗೆ ಹರಡಿಕೊಳ್ಳುತ್ತದೆ. ಬಿಸಿಲೇರುವ ಮೊದಲು ಇಲ್ಲಿಗೆ ಬರುವುದು ಸೂಕ್ತ. ಕ್ವೆಂಕೊ ದ್ವೀಪದ ಗುಹೆ ದ್ವೀಪದ ಹೊಟ್ಟೆಯನ್ನು ಸೀಳಿಕೊಂಡು ಆಚೆಯ ಬದಿಗೆ ತೆರೆದಿದೆ. ಮಾರ್ಕೋಸ್ ದ್ವೀಪದಲ್ಲಿ ಇಮೆಲ್ಡಾ ಗುಹೆಯೊಳಗೆ ಮೇಲಿನಿಂದ ನೀರಿಗೆ ಧುಮುಕುವ ಧೈರ್ಯಶಾಲಿಗಳುಂಟು. ಚಿಲ್ಡ್ರನ್ಸ್ ದ್ವೀಪದ ಸುತ್ತಲಿನ ನೀರು ಆಳವಿಲ್ಲದ್ದು, ಈಜು ಬಾರದವರಿಗೆ ಹಿತ. ಕೆಸೋನ್ ದ್ವೀಪ ಊಟಕ್ಕೆ ಒಳ್ಳೆಯದು. ಇಷ್ಟನ್ನೂ ಒಂದೇ ಹಗಲಿನಲ್ಲಿ ಮುಗಿಸಬೇಕೆಂಬ ಹಟ ಬೇಡವೆಂದೇ ನನ್ನ ಅಭಿಪ್ರಾಯ. ಮೂರು ದ್ವೀಪಗಳಲ್ಲಿ ಸಾವಕಾಶವಾಗಿ ಕುಳಿತವರು ಏಳನ್ನು ಓಡಿ ನೋಡಿದವರಿಗಿಂತ ಹೆಚ್ಚನ್ನು ಕಾಣುತ್ತಾರೆ, ಮತ್ತು ಅದಕ್ಕಾಗಿ ಒಂದು ಪೆಸೊವನ್ನೂ ಹೆಚ್ಚು ತೆರಬೇಕಾಗಿಲ್ಲ.

ಆ ಸಾವಕಾಶದ ಫಲ ನೀರಿನ ಕೆಳಗಿದೆ. ಬಾಡಿಗೆಗೆ ದೊರೆಯುವ ಕನ್ನಡಕವನ್ನೂ ಉಸಿರು ಕೊಳವೆಯನ್ನೂ ಧರಿಸಿ ಮುಖವನ್ನು ನೀರಿಗಿಟ್ಟರೆ, ಅಂಬಿಗರು ‘ತಕ್ಲೋಬೊ’ ಎಂದು ತೋರಿಸುವ ದೈತ್ಯ ಕಪ್ಪೆಚಿಪ್ಪುಗಳು ಕಾಣಸಿಗುತ್ತವೆ. ಅಲೆಯಲೆಯಾದ ತುಟಿಗಳ ನಡುವೆ ನೀಲಿ, ಹಸುರು, ಕಂದು ಬಣ್ಣಗಳ ಮಾಂಸದ ಹೊದಿಕೆ. ನೆರಳು ಬಿದ್ದೊಡನೆ ಅದು ಒಳಸರಿದು ಚಿಪ್ಪು ಮೆಲ್ಲನೆ ಮುಚ್ಚಿಕೊಳ್ಳುತ್ತದೆ. ಆ ಹೊದಿಕೆಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳು ಬಿಸಿಲಿನಿಂದ ಆಹಾರ ತಯಾರಿಸಿ ಆತಿಥೇಯನಿಗೂ ಪಾಲು ಕೊಡುತ್ತವೆ. ಆದ್ದರಿಂದಲೇ ಇವು ಬೆಳಕು ತಲುಪುವ ತಿಳಿನೀರಿನಲ್ಲಿ ಮಾತ್ರ ಬಾಳುತ್ತವೆ. ಪೂರ್ಣ ಬೆಳೆದದ್ದು ಒಂದು ಮೀಟರನ್ನೂ ಮೀರಿ, ಇನ್ನೂರು ಕಿಲೋ ತೂಗಬಲ್ಲದು. ಮಾಂಸಕ್ಕೂ ಚಿಪ್ಪಿಗೂ ಬೇಟೆಯಾಡಿದ್ದರಿಂದ ಈ ಜಾತಿ ಫಿಲಿಪೀನ್ಸಿನ ನೀರುಗಳಿಂದ ಬಹುಮಟ್ಟಿಗೆ ಅಳಿದುಹೋಗಿತ್ತು; ಸಿಡಿಮದ್ದು ಸಿಡಿಸಿ ಮೀನು ಹಿಡಿಯುವ ಕೆಟ್ಟ ಚಾಳಿ ಇಲ್ಲಿಯ ಹವಳಗಳನ್ನೂ ಪುಡಿಮಾಡಿತ್ತು. ನೆರೆಯ ಬೊಲಿನಾವೊದಲ್ಲಿರುವ ಫಿಲಿಪೀನ್ಸ್ ವಿಶ್ವವಿದ್ಯಾಲಯದ ಸಮುದ್ರ ಪ್ರಯೋಗಶಾಲೆಯವರು ಸಾಲೊಮನ್ ದ್ವೀಪಗಳಿಂದ ಸಂತತಿಯನ್ನು ತಂದು, ತೊಟ್ಟಿಗಳಲ್ಲಿ ಪೋಷಿಸಿ, ಈ ಉದ್ಯಾನದ ನೀರಿನಲ್ಲಿಯೂ ನೆಲೆಗೊಳಿಸಿದರು. ಲುಕಾಪಿನಲ್ಲಿ ಪರಿಸರ ಶುಲ್ಕವನ್ನು ಗೊಣಗದೆ ತೆರಬೇಕೆಂದು ನಾನು ಹೇಳುವುದು ಈ ಜೀವಿಗಳನ್ನು ನೆನೆದು. ಅವುಗಳನ್ನು ಮುಟ್ಟಬಾರದು, ಹವಳದ ಮೇಲೆ ಕಾಲೂರಬಾರದು.

ಕಾಲ ನೋಡಿ ಹೋಗಬೇಕು. ಜೂನಿನಿಂದ ಅಕ್ಟೋಬರಿನವರೆಗೆ ‘ಹಬಾಗತ್’ ಎಂಬ ನೈಋತ್ಯ ಮಾರುತದ ಮಳೆ, ನಡುವೆ ಚಂಡಮಾರುತಗಳ ಭಯ. ಕರಾವಳಿ ಕಾವಲಿನವರು ತಡೆದರೆ ದೋಣಿ ಹೊರಡದು. ನವೆಂಬರಿನಿಂದ ಮೇ ತಿಂಗಳವರೆಗಿನ ಒಣಹವೆಯಲ್ಲಿ, ಈಸ್ಟರಿಗೆ ಹಿಂದಿನ ಪವಿತ್ರ ವಾರದ ಜನಸಂದಣಿಯನ್ನು ಬಿಟ್ಟು, ವಾರದ ನಡುವಿನ ದಿನವನ್ನು ಆರಿಸುವುದು ಮೇಲು. ಪ್ರವಾಸಕ್ಕೆಂದು ಬರುವ ಭಾರತೀಯರಿಗೆ 2025ರ ಜೂನಿನಿಂದ ಹದಿನಾಲ್ಕು ದಿನಗಳ ಮಟ್ಟಿಗೆ ವೀಸಾದ ಅಗತ್ಯವಿಲ್ಲವೆಂದು ಆ ಸರ್ಕಾರ ಸಾರಿದೆ. ವಿದೇಶದಲ್ಲಿ ಓದುತ್ತಲೋ ದುಡಿಯುತ್ತಲೋ ಇರುವ ನಮ್ಮ ಹುಡುಗರು ಗುಂಪುಗೂಡಿ ಹೊರಡಲು ಇದು ಅನುಕೂಲ.

ಬುತ್ತಿಯನ್ನು ಅಲಮಿನೋಸಿನ ಪೇಟೆಯಲ್ಲಿಯೇ ಕಟ್ಟಿಸಿಕೊಳ್ಳಬೇಕು; ಕುಡಿಯುವ ನೀರನ್ನು ಧಾರಾಳವಾಗಿ ಒಯ್ಯಬೇಕು. ಫಿಲಿಪೀನ್ಸಿನ ಗೆಳೆಯರ ಗುಂಪುಗಳು ಬಾಳೆಯೆಲೆಗಳನ್ನು ಉದ್ದಕ್ಕೆ ಹಾಸಿ, ನಡುವೆ ಅನ್ನದ ರಾಶಿ ಸುರಿದು, ಸುತ್ತ ಸುಟ್ಟ ಮೀನು, ಟೊಮೇಟೊ, ಮಾವಿನಹಣ್ಣುಗಳನ್ನಿಟ್ಟು ಕೈಯಿಂದಲೇ ಉಣ್ಣುವ ಕ್ರಮ ನಮ್ಮವರಿಗೆ ಹೊಸದೆನಿಸದು. ಸಸ್ಯಾಹಾರಿಗಳಿಗೆ ಅನ್ನ, ಬಾಳೆಹಣ್ಣು, ಮಾವು, ಬೇಯಿಸಿದ ಜೋಳದ ತೆನೆ ಸಾಕಾದೀತು. ಎಲೆ, ಕಾಗದ, ಬಾಟಲಿಗಳೆಲ್ಲ ಅದೇ ದೋಣಿಯಲ್ಲಿ ದಡಕ್ಕೆ ಮರಳಬೇಕು. ಹೊತ್ತು ಇಳಿಯುವ ಮುನ್ನ ಲುಕಾಪನ್ನು ಸೇರಿ, ಸಿಹಿನೀರಿನಲ್ಲಿ ಮಿಂದು, ಅಂಬಿಗನಿಗೆ ಬಾಡಿಗೆಯ ಮೇಲೆ ಕೈಲಾದಷ್ಟನ್ನು ಕೊಟ್ಟು, ರಾತ್ರಿಯ ಬಸ್ಸಿಗೆ ವೇಳೆ ಉಳಿದಿದ್ದರೆ ಪೇಟೆಯಲ್ಲಿ ಒಂದು ಸುತ್ತು ಹಾಕಬಹುದು. ಊರಿನ ಹೆಸರಾಂತ ‘ಲೊಂಗನೀಸ’ ಎಂಬ ಬೆಳ್ಳುಳ್ಳಿ ಬೆರೆಸಿದ ಹಂದಿಮಾಂಸದ ಕೊಳವೆಗಳು, ಒಂದೊಂದರ ನಡುವೆಯೂ ಚಿಕ್ಕ ಕಡ್ಡಿ ಚುಚ್ಚಿಸಿಕೊಂಡು, ಅಲ್ಲಿಯ ಅಂಗಡಿಗಳಲ್ಲಿ ಸಾಲುಸಾಲಾಗಿ ತೂಗುತ್ತಿರುತ್ತವೆ.