ಹಾಲ್ಟ್ ನಿಲ್ದಾಣಕ್ಕೆ ಲೂಪ್ ಹಳಿ ಬಂದರೆ?

'ಕ್ರಾಸಿಂಗ್ ಇದೆ' ಎಂಬ ಕಾರಣಕ್ಕೆ ನಿಮ್ಮ ರೈಲು ಯಾವುದೋ ಸಣ್ಣ ನಿಲ್ದಾಣದಲ್ಲಿ ಕಾದು ನಿಂತದ್ದುಂಟೆ? ಇದರ ಹಿಂದಿನ ಲೆಕ್ಕಾಚಾರ ತಿಳಿಯಲು ಕಾಪು ತಾಲ್ಲೂಕಿನ ಇನ್ನಂಜೆ ಒಳ್ಳೆಯ ಉದಾಹರಣೆ.

ಕೊಂಕಣ ರೈಲ್ವೆಯ ಮಂಗಳೂರು–ಉಡುಪಿ ಭಾಗ ತೆರೆದದ್ದು 1993ರಲ್ಲಿ. ಉಡುಪಿ ಜಿಲ್ಲೆಯಲ್ಲಿ ಇದು ಏಕಹಳಿ ಮಾರ್ಗ. ಇನ್ನಂಜೆ ಇಲ್ಲಿ ಬಹುಕಾಲ 'ಹಾಲ್ಟ್' ಆಗಿತ್ತು. ಹಾಲ್ಟ್‌ನಲ್ಲಿ ಪ್ಲಾಟ್‌ಫಾರ್ಮ್ ಇರುತ್ತದೆ. ಸ್ಟೇಷನ್ ಮಾಸ್ತರರಾಗಲಿ, ಲೂಪ್ ಹಳಿಯಾಗಲಿ ಇರುವುದಿಲ್ಲ. ಚಾಲಕ ವೇಳಾಪಟ್ಟಿಯಂತೆ ನಿಲ್ಲಿಸುತ್ತಾನೆ, ಗಾರ್ಡ್ ಸೂಚನೆ ಕೊಟ್ಟಾಗ ಹೊರಡುತ್ತಾನೆ. ರೈಲ್ವೆ ನಿಯಮಗಳಲ್ಲಿ ಇದು 'ಡಿ' ದರ್ಜೆಯ ನಿಲ್ದಾಣ.

ಸುರಕ್ಷತೆಗಾಗಿ ಹಳಿಯನ್ನು 'ಬ್ಲಾಕ್ ಸೆಕ್ಷನ್'ಗಳಾಗಿ ವಿಂಗಡಿಸುತ್ತಾರೆ. ಒಂದು ಸೆಕ್ಷನ್ನಿನಲ್ಲಿ ಒಮ್ಮೆಗೆ ಒಂದೇ ರೈಲು. ಹಾಲ್ಟ್ ಈ ಸೆಕ್ಷನ್ನಿನ ಗಡಿಯಲ್ಲ. ಅದರೊಳಗಿನ ಒಂದು ಬಿಂದು ಮಾತ್ರ. ಪ್ರಯಾಣಿಕರಿಗೆ ಅದು ನಿಲ್ದಾಣ, ರೈಲು ಸಂಚಾರಕ್ಕಲ್ಲ!

ಈಗ ಒಂದು ಲೆಕ್ಕ ಮಾಡೋಣ. ಏಕಹಳಿಯ ಸಾಮರ್ಥ್ಯ ಅಳೆಯಲು ಸ್ಕಾಟ್ ಸೂತ್ರ ಬಳಕೆಯಲ್ಲಿದೆ:

ದಿನದ ರೈಲುಗಳು = 1440 ÷ (ಓಟದ ನಿಮಿಷ + ಬ್ಲಾಕ್ ಕಾರ್ಯದ ನಿಮಿಷ) × 0.7

1440 ಎಂದರೆ ದಿನದ ನಿಮಿಷಗಳು, 0.7 ದಕ್ಷತೆಯ ಅಂಶ. ಎರಡು ನಿಲ್ದಾಣಗಳ ಅಂತರ 18 ಕಿ.ಮೀ., ವೇಗ ಗಂಟೆಗೆ 60 ಕಿ.ಮೀ., ಬ್ಲಾಕ್ ಕಾರ್ಯಕ್ಕೆ 5 ನಿಮಿಷ ಎಂದಿಟ್ಟುಕೊಳ್ಳಿ. ಓಟಕ್ಕೆ 18 ನಿಮಿಷ. ಸಾಮರ್ಥ್ಯ ಸುಮಾರು 44 ರೈಲು. ನಟ್ಟನಡುವೆ ಲೂಪ್ ಹಳಿ ಹಾಕಿದರೆ ಓಟ 9 ನಿಮಿಷ, ಸಾಮರ್ಥ್ಯ 72. ದೂರ ಅರ್ಧವಾದರೂ ಸಾಮರ್ಥ್ಯ ಇಮ್ಮಡಿಯಾಗಲಿಲ್ಲ, ಗಮನಿಸಿದಿರಾ? ಆ 5 ನಿಮಿಷ ಅರ್ಧವಾಗಿಲ್ಲ, ಅದೇ ಕಾರಣ.

ಲೂಪ್ ಹಳಿ ಇಡೀ ರೈಲನ್ನು ಹಿಡಿಸಬೇಕು. ತಲಾ ಸುಮಾರು 24 ಮೀಟರಿನ 22 ಬೋಗಿಗಳಿಗೇ 528 ಮೀಟರ್ ಬೇಕು; ಎಂಜಿನ್ ಬೇರೆ.

2020ರ ದಶಕದ ಆರಂಭದಲ್ಲಿ ಇನ್ನಂಜೆ ಕ್ರಾಸಿಂಗ್ ನಿಲ್ದಾಣವಾಯಿತು. ಈಗ ಅದು ಸೆಕ್ಷನ್ನಿನ ಗಡಿ.

ಹಾಗಾದರೆ ಕ್ರಾಸಿಂಗ್‌ಗೆ ಸಿಬ್ಬಂದಿ ಇರಲೇಬೇಕೆ? ಜಪಾನಿನ ಗ್ರಾಮೀಣ ಏಕಹಳಿ ಮಾರ್ಗಗಳಲ್ಲಿ ಸಿಬ್ಬಂದಿಯಿಲ್ಲದ ಅನೇಕ ನಿಲ್ದಾಣಗಳಲ್ಲಿ ಲೂಪ್ ಹಳಿಯಿದೆ. ದೂರದ ನಿಯಂತ್ರಣ ಕೇಂದ್ರವೇ ಅಲ್ಲಿನ ಸಿಗ್ನಲ್ ಮತ್ತು ಪಾಯಿಂಟ್‌ಗಳನ್ನು ಚಾಲಿಸುತ್ತದೆ. ಸಿಬ್ಬಂದಿ ಅಲ್ಲೇ ಇರಬೇಕೆಂದಿಲ್ಲ. ಲೂಪ್ ಹಳಿ ಮಾತ್ರ ಅಲ್ಲೇ ಇರಬೇಕು.

ನಿಮ್ಮೂರಿನ ವೇಳಾಪಟ್ಟಿ ತೆಗೆದುಕೊಂಡು ಈ ಲೆಕ್ಕವನ್ನು ತರಗತಿಯಲ್ಲಿ ಮಾಡಿನೋಡಿ.