ತಂತಿಗೆ ಬಡಿದು ಓಡುವ ಸುತ್ತಿಗೆ

ಹಾರ್ಪ್ಸಿಕಾರ್ಡ್ ವಾದ್ಯದ ಕೀಯನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಗುದ್ದಿದರೂ ಬರುವ ಸದ್ದು ಹೆಚ್ಚುಕಡಿಮೆ ಒಂದೇ. ಕೀ ಒತ್ತಿದಾಗ ಒಳಗೆ ಹಕ್ಕಿಯ ಗರಿಯ ದಂಟಿನಿಂದ ಮಾಡಿದ ಸಣ್ಣ ಚೂರೊಂದು ಮೇಲೆದ್ದು ತಂತಿಯನ್ನು ಮೀಟುತ್ತದೆ. ಆ ಚೂರು ಎಷ್ಟು ಬಾಗಿ ಜಾರಬೇಕು ಎಂಬುದನ್ನು ಅದರ ಗಡಸುತನ ತೀರ್ಮಾನಿಸುತ್ತದೆ, ನುಡಿಸುವವನ ಬೆರಳಿಗೆ ಅದರಲ್ಲಿ ಪಾಲಿಲ್ಲ. ವೀಣೆಯವರಿಗೆ ಇದು ವಿಚಿತ್ರವಾಗಿ ಕಾಣಬಹುದು. 17ನೇ ಶತಮಾನದ ಯುರೋಪಿನಲ್ಲಿ ಕ್ಲಾವಿಕಾರ್ಡ್ ಎಂಬ ಇನ್ನೊಂದು ವಾದ್ಯವೂ ಇತ್ತು. ಅದರಲ್ಲಿ ಕೀಯ ಹಿಂತುದಿಗೆ ಕೂಡಿಸಿದ ಹಿತ್ತಾಳೆಯ ಪಟ್ಟಿ ತಂತಿಯನ್ನು ತಟ್ಟಿ, ಬೆರಳು ತೆಗೆಯುವವರೆಗೂ ಅಲ್ಲೇ ಒತ್ತಿಕೊಂಡಿರುತ್ತದೆ. ಬೆರಳು ಅಲುಗಿಸಿದರೆ ಸ್ವರವೂ ತುಸು ಅಲುಗುತ್ತದೆ. ಮೆಲುದನಿಯಲ್ಲಿ ಏರಿಳಿತವೂ ಸಾಧ್ಯ. ಆದರೆ ಒಟ್ಟು ಸದ್ದೇ ಅಷ್ಟು ಕ್ಷೀಣ, ಸಭೆಯಲ್ಲಿ ಇಟ್ಟು ನುಡಿಸುವಂತಿರಲಿಲ್ಲ.

ಹೊಡೆದು ನುಡಿಸಿದರೆ ಸದ್ದೂ ಬರುತ್ತದೆ, ಏರಿಳಿತವೂ ಸಿಗುತ್ತದೆ ಎಂಬುದು ಆಗ ಗೊತ್ತಿರದ ಸಂಗತಿಯೇನಲ್ಲ. ಸಂತೂರಿನ ಬಂಧುವಾದ ಡಲ್ಸಿಮರ್ ಯುರೋಪಿನಲ್ಲಿ ಬಳಕೆಯಲ್ಲಿತ್ತು. ಸಂತೂರ್ ನುಡಿಸುವವರು ಕಡ್ಡಿಯನ್ನು ತಂತಿಗೆ ತಾಗಿಸಿದ ಮರುಕ್ಷಣವೇ ಮಣಿಕಟ್ಟಿನಿಂದ ಹಿಂದಕ್ಕೆಳೆಯುತ್ತಾರೆ. ಆ ಕಡ್ಡಿಯನ್ನು ಒಂದು ಕೀಯ ತುದಿಗೆ ಜೋಡಿಸಿದರೆ ಮಣಿಕಟ್ಟಿನ ಕೆಲಸ ಯಾರು ಮಾಡಬೇಕು? ಬೆರಳು ಕೀಯನ್ನು ಒತ್ತಿ ಹಿಡಿದಷ್ಟು ಹೊತ್ತೂ ಸುತ್ತಿಗೆ ತಂತಿಗೆ ಅಂಟಿಕೊಂಡಿರುತ್ತದೆ. ದೇವಸ್ಥಾನದ ಗಂಟೆಯ ನಾಲಿಗೆಯನ್ನು ಬಡಿದು ಅಲ್ಲೇ ಒತ್ತಿ ಹಿಡಿದ ಹಾಗೆ, ನಾದ ಹುಟ್ಟುವ ಮೊದಲೇ ಸತ್ತಿರುತ್ತದೆ.

ಈ ಗಂಟನ್ನು ಬಿಡಿಸಿದವನು ಬಾರ್ಟೊಲೊಮಿಯೊ ಕ್ರಿಸ್ಟೊಫೊರಿ. 1655ರಲ್ಲಿ ಇಟಲಿಯ ಪಡುವಾದಲ್ಲಿ ಹುಟ್ಟಿದವನು. 1688ರಲ್ಲಿ ಫ್ಲಾರೆನ್ಸಿನ ಮೆಡಿಚಿ ರಾಜಕುಮಾರ ಫರ್ಡಿನಾಂಡೊ ತನ್ನ ವಾದ್ಯಗಳನ್ನು ನೋಡಿಕೊಳ್ಳಲು ಅವನನ್ನು ಕೆಲಸಕ್ಕಿಟ್ಟುಕೊಂಡ. 1700ರಲ್ಲಿ ಬರೆದ ಅರಮನೆಯ ವಾದ್ಯಗಳ ಪಟ್ಟಿಯಲ್ಲಿ, ಮೆಲ್ಲಗೂ ಜೋರಾಗಿಯೂ ನುಡಿಯುವ ಹೊಸ ವಾದ್ಯವೊಂದರ ನಮೂದಿದೆ. ಪಿಯಾನೊದ ಮೊದಲ ದಾಖಲೆ ಅದೇ.

ಅವನ ಉಪಾಯ ಇಂದಿಗೂ ಬೆರಗು ಹುಟ್ಟಿಸುತ್ತದೆ. ಅವನು ಸುತ್ತಿಗೆಯನ್ನು ಕೀಗೆ ಅಂಟಿಸಲೇ ಇಲ್ಲ. ಕೀ ಒತ್ತಿದಾಗ ಒಂದು ಪುಟ್ಟ ಊರುಗೋಲು ಮೇಲೆದ್ದು, ನಡುವಿನ ಸನ್ನೆಯ ಮೂಲಕ ಸುತ್ತಿಗೆಯನ್ನು ತಂತಿಯ ಕಡೆಗೆ ತಳ್ಳುತ್ತದೆ. ಸುತ್ತಿಗೆ ಇನ್ನೇನು ತಂತಿಗೆ ಮುಟ್ಟಬೇಕು ಅನ್ನುವಷ್ಟರಲ್ಲಿ ಊರುಗೋಲು ಪಕ್ಕಕ್ಕೆ ಜಾರಿಬಿಡುತ್ತದೆ. ಉಳಿದ ಕೂದಲೆಳೆಯಷ್ಟು ದಾರಿಯನ್ನು ಸುತ್ತಿಗೆ ಯಾರ ಹಂಗೂ ಇಲ್ಲದೆ ತನ್ನ ವೇಗದಲ್ಲೇ ಹಾರಿ, ತಂತಿಗೆ ಬಡಿದು, ತಂತಿಯ ಪುಟಿತದಿಂದಲೇ ಕೆಳಗೆ ಬೀಳುತ್ತದೆ. ಬೀಳುವಾಗ ಮತ್ತೆ ಪುಟಿದು ಎರಡನೇ ಸಲ ಬಡಿಯದಂತೆ ಹಿಡಿದುಕೊಳ್ಳಲು ಇನ್ನೊಂದು ಅಂಗ. ಕೀ ಒತ್ತಿದಾಗ ತಂತಿಯಿಂದ ಮೇಲೇಳುವ, ಬಿಟ್ಟಾಗ ಕುಳಿತು ನಾದ ನಿಲ್ಲಿಸುವ ಡ್ಯಾಂಪರ್ ಮತ್ತೊಂದು. ಕಾಗದವನ್ನು ಉಂಗುರದಂತೆ ಸುತ್ತಿ ಅಂಟಿಸಿ, ತಲೆಗೆ ಚರ್ಮದ ಚೂರು ಹಾಕಿ ಸುತ್ತಿಗೆ ಮಾಡಿದ್ದ. ಊರುಗೋಲು ಜಾರಿಕೊಳ್ಳುವ ಈ ಏರ್ಪಾಡಿಗೆ ಎಸ್ಕೇಪ್‌ಮೆಂಟ್ ಎಂದು ಹೆಸರು.

ಇಂದಿನ ಪಿಯಾನೊದಲ್ಲಿ ಕೀ ಸುಮಾರು 10 ಮಿಲಿಮೀಟರ್ ಕೆಳಗಿಳಿದರೆ ಸುತ್ತಿಗೆ ಅದರ ನಾಲ್ಕೈದು ಪಟ್ಟು ದೂರ ಸಾಗುತ್ತದೆ. ಅದು ತಂತಿಯನ್ನು ಮುಟ್ಟಿಕೊಂಡಿರುವುದು ಕೆಲವೇ ಮಿಲಿಸೆಕೆಂಡು. ಇಲ್ಲೊಂದು ತಮಾಷೆಯಿದೆ. ಸ್ಪರ್ಶದ ಬಗ್ಗೆ ಪಿಯಾನೊ ಗುರುಗಳು ಗಂಟೆಗಟ್ಟಲೆ ಮಾತಾಡುತ್ತಾರೆ: ಬೆರಳು ಹೀಗೆ ಬಾಗಿರಲಿ, ಭುಜ ಸಡಿಲವಿರಲಿ, ಕೀಯನ್ನು ಸವರಿದಂತೆ ಒತ್ತಿ. ಭೌತವಿಜ್ಞಾನಿ ಹೇಳುವುದು ಇಷ್ಟೇ: ಊರುಗೋಲು ಜಾರಿದ ಮೇಲೆ ಸುತ್ತಿಗೆಗೆ ಬೆರಳಿನ ನೆನಪಿರುವುದಿಲ್ಲ, ಅದರ ವೇಗವೊಂದೇ ತಂತಿಗೆ ತಲುಪುವ ಸುದ್ದಿ. ಇಬ್ಬರೂ ಸರಿಯೇ ಎಂದು ನನ್ನ ಅನಿಸಿಕೆ. ಒಂದು ಸ್ವರದ ಮಟ್ಟಿಗೆ ವಿಜ್ಞಾನಿ ಗೆಲ್ಲುತ್ತಾನೆ. ಹತ್ತು ಬೆರಳುಗಳ ಸಾವಿರ ಸ್ವರಗಳಿಗೆ ಒಂದೊಂದಕ್ಕೂ ತಕ್ಕ ವೇಗ ಕೊಡಬೇಕಾದಾಗ ಭುಜ ಸಡಿಲವಿರುವುದೇ ಲೇಸು.

ಇಷ್ಟೆಲ್ಲ ಮಾಡಿದವನಿಗೆ ಬದುಕಿದ್ದಾಗ ಸಿಕ್ಕ ಕೀರ್ತಿ ಅಲ್ಪ. 1711ರಲ್ಲಿ ಶಿಪಿಯೋನೆ ಮಾಫೈ ಎಂಬ ವಿದ್ವಾಂಸ ಈ ವಾದ್ಯದ ಬಗ್ಗೆ ಚಿತ್ರಸಮೇತ ಲೇಖನ ಬರೆಯದಿದ್ದರೆ ಸಂಗತಿ ಫ್ಲಾರೆನ್ಸಿನಲ್ಲೇ ಉಳಿಯುತ್ತಿತ್ತೇನೋ. ಅವನ ಪಿಯಾನೊಗಳಲ್ಲಿ ಇಂದು ಉಳಿದಿರುವುದು ಮೂರು: 1720ರದು ನ್ಯೂಯಾರ್ಕಿನಲ್ಲಿ, 1722ರದು ರೋಮಿನಲ್ಲಿ, 1726ರದು ಲೈಪ್‌ಜಿಗ್‌ನಲ್ಲಿ. ಮಾಫೈ ಲೇಖನ ಜರ್ಮನ್ ಭಾಷೆಗೆ ಹೋದ ಮೇಲೆ ಗಾಟ್‌ಫ್ರೀಡ್ ಸಿಲ್ಬರ್‌ಮನ್ ಅಂಥದೇ ವಾದ್ಯ ಮಾಡಿದ. ಅದನ್ನು ನುಡಿಸಿ ನೋಡಿದ ಯೋಹಾನ್ ಸೆಬಾಸ್ಟಿಯನ್ ಬಾಖ್, ಮೇಲಿನ ಸ್ವರಗಳಿಗೆ ಕಸುವಿಲ್ಲ, ಕೀಗಳು ಭಾರ ಎಂದುಬಿಟ್ಟ. ಸಿಲ್ಬರ್‌ಮನ್ ಮುನಿಸಿಕೊಂಡನಂತೆ, ಆದರೆ ತಿದ್ದಿದ. 1747ರಲ್ಲಿ ಪ್ರಷ್ಯದ ದೊರೆ ಫ್ರೆಡರಿಕ್‌ನ ಆಸ್ಥಾನದಲ್ಲಿ ಬಾಖ್ ನುಡಿಸಿದ್ದು ಸಿಲ್ಬರ್‌ಮನ್ನನ ಪಿಯಾನೊಗಳನ್ನೇ.

ಪಾಶ್ಚಾತ್ಯ ಸಂಗೀತದ ಇತಿಹಾಸವನ್ನು ಪ್ರತಿಭಾವಂತರ ಸಾಲಾಗಿ ಹೇಳುವುದು ರೂಢಿ: ಬಾಖ್ ಆದ ಮೇಲೆ ಮೊಜಾರ್ಟ್, ಮೊಜಾರ್ಟ್ ಆದ ಮೇಲೆ ಬೀಥೋವನ್. ಬಡಗಿ ಮತ್ತು ಕಮ್ಮಾರರ ಕಡೆಯಿಂದ ನೋಡಿದರೆ ಇದೇ ಕತೆ ಬೇರೆಯಾಗಿ ಕಾಣುತ್ತದೆ. ಮೊಜಾರ್ಟನ ಕಾಲದ ಪಿಯಾನೊಗೆ ಐದು ಸ್ಥಾಯಿ ಮಾತ್ರ. ಬೀಥೋವನ್ನನ ಮೊದಮೊದಲ ಸೊನಾಟಾಗಳಲ್ಲಿ ಮೇಲಕ್ಕೇರುವ ಸ್ವರಮಾಲೆ ಒಂದು ಕಡೆ ಇದ್ದಕ್ಕಿದ್ದಂತೆ ತಿರುಗಿಕೊಳ್ಳುವ ಜಾಗಗಳಿವೆ. ಕಾರಣ ಸರಳ, ಅದರಾಚೆ ಕೀಗಳೇ ಇರಲಿಲ್ಲ. ಲಂಡನ್ನಿನ ಬ್ರಾಡ್‌ವುಡ್ ಕಂಪನಿ 1817ರ ಕೊನೆಗೆ ಅವನಿಗೆ ಉಡುಗೊರೆಯಾಗಿ ಕಳಿಸಿದ ಪಿಯಾನೊಗೆ ಆರು ಸ್ಥಾಯಿ ಇತ್ತು. ಅದು ವಿಯೆನ್ನಾಕ್ಕೆ ಬಂದು ತಲುಪುವ ಹೊತ್ತಿಗೆ ಅವನ ಕಿವಿ ಬಹುತೇಕ ಕೇಳಿಸದಾಗಿತ್ತು.

1821ರಲ್ಲಿ ವಾದ್ಯ ತಯಾರಕ ಸೆಬಾಸ್ಟಿಯನ್ ಎರಾರ್ ಕ್ರಿಸ್ಟೊಫೊರಿಯ ಏರ್ಪಾಡನ್ನು ಇನ್ನೊಂದು ಹೆಜ್ಜೆ ಮುಂದೊಯ್ದ. ಕೀ ಪೂರ್ತಿ ಮೇಲೆ ಬರುವ ಮೊದಲೇ ಅದೇ ಸ್ವರವನ್ನು ಮತ್ತೆ ಹೊಡೆಯಬಹುದಾಯಿತು. ಪಿಯಾನೊ ವಾದಕ ಲಿಸ್ಟ್‌ನ ಮಿಂಚಿನ ಕೈಚಳಕಕ್ಕೆ ಇದು ಆಸರೆ. ಆದರೆ ಲಿಸ್ಟ್ ನುಡಿಸುವ ಭರಕ್ಕೆ ತಂತಿಗಳು ಹರಿದುಹೋಗುತ್ತಿದ್ದವು. ದೊಡ್ಡ ಸಭಾಂಗಣಕ್ಕೆ ದೊಡ್ಡ ಸದ್ದು ಬೇಕು, ಅದಕ್ಕೆ ದಪ್ಪ ತಂತಿ ಬೇಕು, ದಪ್ಪ ತಂತಿಯನ್ನು ಅದೇ ಶ್ರುತಿಗೆ ತರಲು ಹೆಚ್ಚು ಬಿಗಿಯಬೇಕು. ಬಿಗಿದರೆ ಮರದ ಚೌಕಟ್ಟು ಸೊಟ್ಟಗಾಗುತ್ತದೆ. 1825ರಲ್ಲಿ ಬಾಸ್ಟನ್ನಿನ ಆಲ್ಫಿಯಸ್ ಬ್ಯಾಬ್‌ಕಾಕ್ ಇಡಿಯಾಗಿ ಎರಕ ಹೊಯ್ದ ಕಬ್ಬಿಣದ ಚೌಕಟ್ಟಿಗೆ ಪೇಟೆಂಟ್ ಪಡೆದ. ಇಂದಿನ ದೊಡ್ಡ ಪಿಯಾನೊದ ಸುಮಾರು 230 ತಂತಿಗಳ ಒಟ್ಟು ಎಳೆತ 20 ಟನ್ನಿನ ಆಸುಪಾಸು. ಮೈಮೇಲೆ ಅಷ್ಟು ಭಾರ ಹೊತ್ತುಕೊಂಡೇ ಅದು ನಾಜೂಕಿನ ಸದ್ದು ಮಾಡುತ್ತದೆ.

ಉದ್ದದ ಲೆಕ್ಕ ಇನ್ನೂ ಸ್ವಾರಸ್ಯದ್ದು. ಫ್ರಾನ್ಸಿನ ಮೆರ್ಸೆನ್ 1636ರಲ್ಲೇ ತಂತಿಯ ನಿಯಮಗಳನ್ನು ಪ್ರಕಟಿಸಿದ್ದ: ಉದ್ದ ಇಮ್ಮಡಿಯಾದರೆ ಕಂಪನ ಅರ್ಧಕ್ಕಿಳಿಯುತ್ತದೆ. ಪಿಯಾನೊದ ಕೊಟ್ಟಕೊನೆಯ ಮೇಲಿನ ಸ್ವರ ಸೆಕೆಂಡಿಗೆ 4186 ಕಂಪನ, ಅದರ ತಂತಿ ಸುಮಾರು 5 ಸೆಂಟಿಮೀಟರ್. ಅತಿ ಕೆಳಗಿನದು 27.5 ಕಂಪನ, ಅಂದರೆ 152ರಲ್ಲಿ ಒಂದು ಪಾಲು. ಉದ್ದವೊಂದನ್ನೇ ನೆಚ್ಚಿಕೊಂಡರೆ ಆ ತಂತಿ ಏಳೂವರೆ ಮೀಟರ್ ಮೀರುತ್ತದೆ. ಅದಕ್ಕೇ ಮಂದ್ರದ ಉಕ್ಕಿನ ತಂತಿಗೆ ತಾಮ್ರದ ತಂತಿ ಸುತ್ತಿ ಭಾರ ಹೆಚ್ಚಿಸುತ್ತಾರೆ. ಹೀಗಾಗಿ ಕಛೇರಿಯ ದೊಡ್ಡ ಪಿಯಾನೊ ಕೂಡ ಸುಮಾರು ಮೂರು ಮೀಟರಿನಲ್ಲೇ ಮುಗಿಯುತ್ತದೆ.

ಯಂತ್ರಕ್ಕೆ ಬಗ್ಗದ ತೊಡಕೊಂದು ಉಳಿದಿತ್ತು, ಅದು ಶುದ್ಧ ಗಣಿತದ್ದು. ಸ–ಪ ಅಂತರದ ಅನುಪಾತ 3:2. ಪಂಚಮವನ್ನೇ ಷಡ್ಜವಾಗಿ ಹಿಡಿದು ಮತ್ತೊಂದು ಪಂಚಮ, ಹೀಗೆ 12 ಸಲ ಏರಿದರೆ ಏಳು ಸ್ಥಾಯಿ ಮೇಲಿನ ಷಡ್ಜ ಸಿಗಬೇಕು. ಸಿಗುವುದಿಲ್ಲ. ಒಂದು ಲೆಕ್ಕದಲ್ಲಿ 129.75, ಇನ್ನೊಂದರಲ್ಲಿ 128. ತಂಬೂರಿ ಹಿಡಿದು ಹಾಡುವವರಿಗೆ ಇದರಿಂದ ತೊಂದರೆಯಿಲ್ಲ, ಅವರ ಷಡ್ಜ ಕಛೇರಿ ಮುಗಿಯುವವರೆಗೂ ಕದಲುವುದಿಲ್ಲ. ಯುರೋಪಿನ ಸಂಗೀತ ಒಂದೇ ರಚನೆಯೊಳಗೆ ಷಡ್ಜವನ್ನು ಪದೇ ಪದೇ ಸ್ಥಳಾಂತರಿಸುತ್ತದೆ. ಕೊನೆಗೆ ಅವರು ಒಪ್ಪಿಕೊಂಡ ರಾಜಿ ಎಂದರೆ ಸ್ಥಾಯಿಯನ್ನು 12 ಸಮಪಾಲು ಮಾಡುವುದು, ಪ್ರತಿ ಮೆಟ್ಟಿಲಿಗೂ 1.0595ರ ಗುಣಾಕಾರ. ಪಂಚಮ ಬಹುತೇಕ ಬಚಾವಾಯಿತು. 1.25 ಇರಬೇಕಾದ ಅಂತರ ಗಾಂಧಾರ 1.26 ಆಗಿ ತುಸು ಚುರುಕಾಯಿತು.

ಈ ರಾಜಿ ಹಾರ್ಮೋನಿಯಂ ಮೂಲಕ ನಮ್ಮಲ್ಲಿಗೂ ಬಂತು. ಯಕ್ಷಗಾನದ ಭಾಗವತರು ಇಂದು ತಮ್ಮ ಶ್ರುತಿಯನ್ನು ಕಪ್ಪು ಎರಡು, ಬಿಳಿ ನಾಲ್ಕು ಎಂದೇ ಹೇಳುತ್ತಾರೆ. ಗಮಕ ಬಾರದ, ಶ್ರುತಿ ತಪ್ಪಿದ ವಾದ್ಯವೆಂದು ಆಲ್ ಇಂಡಿಯಾ ರೇಡಿಯೊ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿದ್ದೂ ಉಂಟು.

ಎರಡೂ ಶ್ರುತಿಗಳನ್ನು ಕಿವಿಯಲ್ಲಿ ಇಟ್ಟುಕೊಂಡಿದ್ದವರು ಮೈಸೂರಿನ ಜಯಚಾಮರಾಜ ಒಡೆಯರ್. ಅವರು ಪಿಯಾನೊ ಕಲಿತವರು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದವರು. ಮುಂದೆ ಶ್ರೀವಿದ್ಯೆಯನ್ನು ಕುರಿತು ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದವರೂ ಅವರೇ. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯದ ರಚನಕಾರ ನಿಕೊಲಾಯ್ ಮೆಟ್ನರ್‌ನ ಸಂಗೀತ ಅವರಿಗೆ ಬಹಳ ಹಿಡಿಸಿತ್ತು. 1940ರ ದಶಕದ ಕೊನೆಯಲ್ಲಿ ಅವರು ಕೊಟ್ಟ ಹಣದಿಂದ ಮೆಟ್ನರ್ ತನ್ನ ಮೂರೂ ಪಿಯಾನೊ ಕಾನ್ಚೆರ್ಟೊಗಳನ್ನು ಸ್ವತಃ ನುಡಿಸಿ ಎಚ್‌ಎಂವಿ ತಟ್ಟೆಗಳಿಗೆ ಮುದ್ರಿಸಿದ. ಮೂರನೆಯದನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ತೀರಿಕೊಂಡ ಆತನ ಆ ಮುದ್ರಣಗಳು ಈಗಲೂ ಕೇಳಲು ಸಿಗುತ್ತವೆ.